ಕೆಂಪು ಕಂಡ ಕೂಡಲೇ ಐಸ್ ಅನ್ನಬೇಡ

ಕುಮಟಾ, ಭಾನುವಾರ

ಚಿ. ಮೇಧಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನೀನು ಸಿಕ್ಕಿಂಗೆ ಹೊರಟಿದ್ದೀಯ, ಹಿಮನದಿ ಕೆರೆಯ ಒಡ್ಡನ್ನು ಸರ್ವೆ ಮಾಡುವ ತಂಡ ಸೇರಿದ್ದೀಯ ಎಂದು ನಿನ್ನ ಆಯಿ ಫೋನ್ ಮಾಡಿದ್ದಳು. ಅರ್ಧ ಹೆಮ್ಮೆ, ಅರ್ಧ ಅಳು. ಸ್ವೆಟರ್, ಚಳಿ, ಊಟದ ಮಾತೆಲ್ಲ ಅವಳು ಹೇಳುತ್ತಾಳೆ. ನಾನು ಕೆಲಸದ ಮಾತು ಹೇಳುತ್ತೇನೆ. ಹಿಮವನ್ನು ನಾನು ಕಂಡವನಲ್ಲ. ಆದರೆ ಶಿರಸಿ, ಮುಂಡಗೋಡ ಕಡೆ ಬೋರ್‌ವೆಲ್ ಪಾಯಿಂಟ್ ಹುಡುಕುತ್ತ, ನೆಲಕ್ಕೆ ಕರೆಂಟ್ ಬಿಟ್ಟು ರೀಡಿಂಗ್ ತೆಗೆಯುವುದರಲ್ಲೇ ತಲೆ ಹಣ್ಣಾಯಿತು. ನಿನ್ನ ಯಂತ್ರ ನನ್ನದಕ್ಕಿಂತ ಎಷ್ಟೋ ಚುರುಕು. ಅದರ ಹಿಂದಿನ ಲೆಕ್ಕ ಮಾತ್ರ ಅದೇ.

ಮೊದಲು ಕಾಂಟ್ಯಾಕ್ಟ್, ಅಂದರೆ ಕರೆಂಟ್ ಬಿಡುವ ಸರಳು ನೆಲಕ್ಕೆ ಸರಿಯಾಗಿ ಕಚ್ಚುವುದು. ನಮ್ಮ ಕಡೆ ಏಪ್ರಿಲ್ ತಿಂಗಳಲ್ಲಿ ಚಿರೆಕಲ್ಲಿನ ಗುಡ್ಡದ ಮೇಲೆ ಸರಳು ಹೊಡೆದರೆ ಟಣ್ ಎನ್ನುತ್ತದೆ, ಕರೆಂಟ್ ಒಳಗೆ ಹೋಗುವುದೇ ಇಲ್ಲ. ಸರಳಿನ ಬುಡಕ್ಕೆ ಉಪ್ಪುನೀರು ಹೊಯ್ದು ಕೂರಬೇಕು. ಮೊರೇನ್ ಒಡ್ಡಿನ ಮೇಲೆ ಇನ್ನೂ ಕಷ್ಟ. ಹಿಮನದಿ ಹಿಂದೆ ಸರಿಯುವಾಗ ಬಿಟ್ಟುಹೋದ ಬಂಡೆ, ಜಲ್ಲಿ, ಮರಳು, ಹೂಳಿನ ರಾಶಿ ಅದು. ಬಂಡೆಗಳ ನಡುವೆ ಬರೀ ಗಾಳಿ. ಉಪ್ಪುನೀರಲ್ಲಿ ನೆನೆಸಿದ ಸ್ಪಂಜು ಸುತ್ತಿ ಎಲೆಕ್ಟ್ರೋಡ್ ಸಿಕ್ಕಿಸುತ್ತಾರೆ. ಪ್ರತಿಯೊಂದರ ಕಾಂಟ್ಯಾಕ್ಟ್ ನೋಡದೆ ರೀಡಿಂಗ್ ಶುರು ಮಾಡಬೇಡ. ಚಳಿಗೆ ಬೆರಳು ಮರಗಟ್ಟಿದಾಗ 'ಸಾಕು ಬಿಡೋ' ಅನ್ನಿಸುತ್ತದೆ. ಅಲ್ಲಿ ಬಿಟ್ಟ ಒಂದು ಸಡಿಲ ಸರಳು ಆಮೇಲೆ ಕಂಪ್ಯೂಟರಿನಲ್ಲಿ ಚಂದದ ಕೆಂಪು ಮುದ್ದೆಯಾಗಿ ಕಾಣುತ್ತದೆ. ನೋಡಿದವರು ಐಸ್ ಎನ್ನುತ್ತಾರೆ.

ನನಗೆ ಮುಖ್ಯವಾಗಿ ಹೇಳಬೇಕಿರುವುದು ಈ ಕೆಂಪಿನ ವಿಷಯವೇ. ಹೂತುಹೋದ ಐಸ್‌ನ ರೆಸಿಸ್ಟಿವಿಟಿ, ಅಂದರೆ ಕರೆಂಟಿಗೆ ಒಡ್ಡುವ ತಡೆ, ತುಂಬ ಜಾಸ್ತಿ. ಚಿತ್ರದಲ್ಲಿ ಅದೇ ಕೆಂಪಾಗಿ ಕಾಣುವುದು. ಹತ್ತಾರು ಸಾವಿರ ಓಂ-ಮೀಟರ್, ಕೆಲವು ಕಡೆ ಲಕ್ಷಗಳಲ್ಲಿ. ನೀರು ಕುಡಿದ ಹೂಳು ನೂರರ ಆಸುಪಾಸು, ಅದಕ್ಕೂ ಕಡಿಮೆ. ಇಷ್ಟು ಕೇಳಿದರೆ ಸುಲಭ ಅನಿಸುತ್ತದೆ, ಅಲ್ವಾ? ಆದರೆ ಸಂದಿಯಲ್ಲಿ ಗಾಳಿ ತುಂಬಿದ ಒಣ ಬಂಡೆರಾಶಿಯೂ ಅಷ್ಟೇ ರೀಡಿಂಗ್ ಕೊಡುತ್ತದೆ. ಚಿರೆಕಲ್ಲಿನ ಒಳಗಿನ ಪೊಳ್ಳು, ಕೆಳಗಿನ ಗಟ್ಟಿ ಕಲ್ಲು ಎರಡೂ ಒಂದೇ ತರ ಕಾಣುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒಂದೇ ಸಾಲು ರೀಡಿಂಗಿಗೆ ಹೊಂದುವ ನೆಲದ ಚಿತ್ರಗಳು ಹಲವು. ಸಾಫ್ಟ್‌ವೇರ್ ಅದರಲ್ಲಿ ಒಂದನ್ನು ಆರಿಸಿ ಬಣ್ಣ ಹಚ್ಚುತ್ತದೆ, ಅಷ್ಟೇ.

ಅದಕ್ಕೇ ಅದೇ ಸಾಲಿನ ಮೇಲೆ ಸುತ್ತಿಗೆ ಹೊಡೆದು, ನೆಲದ ಕಂಪನ ಹಿಡಿಯುವ ಜಿಯೋಫೋನ್ ಹಾಕಿ ನೋಡು. ಅಲೆ ಐಸ್‌ನಲ್ಲಿ ಸೆಕೆಂಡಿಗೆ 3,500 ಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ಸಡಿಲ ಒಣ ಕಲ್ಲುರಾಶಿಯಲ್ಲಿ ಕೆಲವು ನೂರು ಮೀಟರ್ ಮಾತ್ರ. ರೆಸಿಸ್ಟಿವಿಟಿಯೂ ಜಾಸ್ತಿ, ವೇಗವೂ ಜಾಸ್ತಿ ಎಂದಾದರೆ ಐಸ್ ಎಂದು ಬರೆಯಲು ಧೈರ್ಯ ಬರುತ್ತದೆ. ರೆಸಿಸ್ಟಿವಿಟಿ ಜಾಸ್ತಿ, ವೇಗ ಕಡಿಮೆ ಎಂದಾದರೆ ಅದು ಪೊಳ್ಳು. ನೆಲದೊಳಕ್ಕೆ ರೇಡಿಯೋ ಅಲೆ ಬಿಟ್ಟು ನೋಡುವ ರಾಡಾರ್ ಐಸ್ ಒಳಗೆ ಚೆನ್ನಾಗಿ ಇಳಿಯುತ್ತದೆ, ಆದರೆ ದೊಡ್ಡ ಬಂಡೆ ಸಿಕ್ಕರೆ ಚದುರುತ್ತದೆ, ಒದ್ದೆ ಜೇಡಿಯಲ್ಲಿ ಸತ್ತೇಹೋಗುತ್ತದೆ.

ಐಸ್ ಇದ್ದರೇನು ಅಂತ ಊರಿನಲ್ಲಿ ಕೇಳಿದರು. ಕಲ್ಲುಮಣ್ಣಿನ ಹೊದಿಕೆ ದಪ್ಪಗಿದ್ದರೆ ಅದು ಎಷ್ಟೋ ಕಾಲ ಕರಗದೆ ಕೂತಿರುತ್ತದೆ. ಕರಗಲು ಶುರುವಾದರೆ ಒಡ್ಡಿನ ತಲೆ ಕುಸಿಯುತ್ತದೆ. ಕೆರೆ ಒಡೆಯದಂತೆ ನೀರು ಇಳಿಸಲು ಕಾಲುವೆ ತೋಡುವುದಂತೂ ಈ ಐಸ್ ಎಲ್ಲಿದೆ ಎನ್ನುವುದರ ಮೇಲೆಯೇ ನಿಂತಿದೆ. ನೇಪಾಳದಲ್ಲಿ ಚೋ ರೋಲ್ಪಾ ಕೆರೆಯನ್ನು 2000ದಲ್ಲಿ 3 ಮೀಟರ್ ಇಳಿಸಿದರು, ಇಮ್ಜಾ ಕೆರೆಯನ್ನು 2016ರಲ್ಲಿ 3 ಮೀಟರಿಗಿಂತ ಸ್ವಲ್ಪ ಹೆಚ್ಚು. ಅಂಥ ಕಡೆ ಗೊತ್ತಿಲ್ಲದೆ ಐಸ್ ಮೇಲೇ ಕಾಲುವೆ ತೋಡಿದರೆ ಹೊದಿಕೆಯನ್ನು ನಾವೇ ತೆಗೆದ ಹಾಗೆ. ನಿನ್ನ ನಕ್ಷೆ ಹಿಡಿದೇ ಯಾರೋ ಜೆಸಿಬಿ ಇಳಿಸುತ್ತಾರೆ. ಅದು ನೆನಪಿರಲಿ.

ಇನ್ನು ಸೋರಿಕೆ. ಅಘನಾಶಿನಿಯ ಗಜನಿ, ಅಂದರೆ ಉಪ್ಪುನೀರಿನ ಗದ್ದೆಯ ಒಡ್ಡು ನೀನು ನೋಡಿದ್ದೀಯ. ಏಡಿ ಕೊರೆದ ಒಂದು ಬಿಲ, ಮೊದಲು ಬೆರಳಷ್ಟು. ಉಬ್ಬರದ ನೀರು ಅದರಲ್ಲೇ ಹಾದು ಹಾದು ಮಣ್ಣನ್ನು ಎಳೆದುಕೊಂಡು ಹೋಗಿ, ಒಂದು ಹುಣ್ಣಿಮೆಗೆ ಒಡ್ಡೇ ಬಾಯಿ ಬಿಡುತ್ತದೆ. ಮೊರೇನ್ ಒಡ್ಡೂ ಹೀಗೆ ಒಳಗಿಂದ ಕೊರೆಯಿಸಿಕೊಳ್ಳಬಹುದು. ಮಣ್ಣಿನೊಳಗೆ ನೀರು ಹರಿದರೆ ಕೆಲವು ಮಿಲಿವೋಲ್ಟ್ ತಾನಾಗಿಯೇ ಹುಟ್ಟುತ್ತದೆ. ತಾಮ್ರ, ಮೈಲುತುತ್ತದ ನೀರು ತುಂಬಿದ ಎರಡು ಗಡಿಗೆ ಎಲೆಕ್ಟ್ರೋಡ್, ಒಂದು ವೋಲ್ಟ್‌ಮೀಟರ್ ಇದ್ದರೆ ನೀರು ಯಾವ ದಾರಿ ಹಿಡಿದಿದೆ ಎಂದು ಪತ್ತೆ ಹಚ್ಚಬಹುದು. ಅಗ್ಗದ ಕೆಲಸ, ಅದಕ್ಕೇ ಯಾರಿಗೂ ಅದರ ಮೇಲೆ ಮರ್ಯಾದೆ ಇಲ್ಲ. ನೀನು ಬಿಡಬೇಡ. ಒಡ್ಡಿನ ಕೆಳಗೆ ಒಸರುವ ನೀರನ್ನು ದಿನಾ ಬೆಳಿಗ್ಗೆ ಒಂದು ಗಾಜಿನ ಬಾಟಲಿಗೆ ಹಿಡಿದಿಡು. ತಿಳಿಯಾಗಿದ್ದರೆ ಸರಿ. ತಳದಲ್ಲಿ ಹೂಳು ಕೂರುವುದು ಜಾಸ್ತಿಯಾಗುತ್ತ ಬಂದರೆ ಒಡ್ಡು ಒಳಗೆ ತಿನ್ನಿಸಿಕೊಳ್ಳುತ್ತಿದೆ ಎಂದರ್ಥ.

ಒಡ್ಡನ್ನೊಂದೇ ನೋಡಿ ಬರಬೇಡ. 2024ರ ಜುಲೈ 16ರಂದು ನಮ್ಮ ಅಂಕೋಲೆ ಕಡೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ದಾಟಿ ಗಂಗಾವಳಿ ಹೊಳೆಗೆ ಬಿತ್ತು. ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಹೊಡೆಯಿತು. ಗುಡ್ಡ ಈಚೆ, ಸಾವುನೋವು ಆಚೆಗೂ. 2023ರ ಅಕ್ಟೋಬರ್ 3ರ ರಾತ್ರಿ ಸಿಕ್ಕಿಂನ ಸೌತ್ ಲೋನಾಕ್ ಕೆರೆಯಲ್ಲಿ ಆದದ್ದೂ ಇದೇ ಜಾತಿಯದು. ಪಕ್ಕದ ಮೊರೇನ್ ಇಳಿಜಾರು ಕುಸಿದು ನೀರಿಗೆ ಬಿತ್ತು, ಎದ್ದ ಅಲೆ ಮುಂದಿನ ಒಡ್ಡನ್ನು ಹತ್ತಿ ಕೊರೆಯಿತು. ಕೆಳಗೆ ಚುಂಗ್‌ಥಾಂಗ್‌ನಲ್ಲಿ 1,200 ಮೆಗಾವಾಟ್ ಯೋಜನೆಯ ಅಣೆಕಟ್ಟೇ ಕೊಚ್ಚಿಹೋಯಿತು. 1985ರಲ್ಲಿ ನೇಪಾಳದ ಡಿಗ್ ಚೋ ಕೆರೆಗೆ ಬಿದ್ದದ್ದು ಹಿಮಕುಸಿತ. ಅಲ್ಲೂ ಪೆಟ್ಟು ಪಕ್ಕದಿಂದ, ಮೇಲಿಂದ ಬಂತು. ತಂಡದಲ್ಲಿ ಟೈಮ್ ಇಲ್ಲ ಎನ್ನುತ್ತಾರೆ. ಆದರೂ ಒಂದು ಸಾಲಾದರೂ ಪಕ್ಕದ ಏರಿಯ ಮೇಲೆ ಹಾಕಲು ಕೇಳು. ಚಿಕ್ಕವಳು ಎಂದು ಸುಮ್ನೆ ಕೂರಬೇಡ.

ಶಿರೂರಿನ ಇನ್ನೊಂದು ಮಾತು. ಆಗ ಕಾಣೆಯಾದವರನ್ನು, ಕೊಚ್ಚಿಹೋದ ಲಾರಿಯನ್ನು ಹೊಳೆಯಲ್ಲಿ ರಾಡಾರ್ ಇಟ್ಟು ಹುಡುಕಿದರು. 'ಸಿಗ್ನಲ್ ಸಿಕ್ಕಿದೆ' ಎಂದು ಟಿವಿಯಲ್ಲಿ ಬರುತ್ತಿತ್ತು. ಕಾಯುತ್ತಿದ್ದ ಮನೆಯವರ ಕಿವಿಗೆ ಅದು 'ಸಿಕ್ಕರು' ಎಂದೇ ಕೇಳಿರಬೇಕು. ಲಾರಿ ಮೇಲೆ ಬಂದಿದ್ದು ಸೆಪ್ಟೆಂಬರಿನಲ್ಲಿ, ಡ್ರೆಜರ್ ಬಂದ ಮೇಲೆ. ಯಂತ್ರ ಸುಳ್ಳು ಹೇಳಿತು ಎಂದು ನಾನು ಹೇಳುತ್ತಿಲ್ಲ. ನಮಗೆ ಸಿಗುವುದು ಸುಳಿವು, ಜನರಿಗೆ ಬೇಕಿರುವುದು ಉತ್ತರ. ನಿನ್ನ ವರದಿಯನ್ನು ಕಣಿವೆಯ ಪಂಚಾಯತಿಯವರು ಓದಿದರೆ ಏನು ಅರ್ಥವಾಗುತ್ತದೆ ಎಂದು ಬರೆಯುವ ಮುಂಚೆ ಯೋಚಿಸು. ಸಾಲಿನ ಎರಡೂ ತುದಿಯಲ್ಲಿ ಆಳದ ಮಾಹಿತಿ ಇರುವುದಿಲ್ಲ. ನಡುವಿನಲ್ಲೂ ಸಾಲಿನ ಉದ್ದದ ಐದನೇ ಒಂದೋ ಆರನೇ ಒಂದೋ ಭಾಗದಷ್ಟು ಆಳ ಸಿಕ್ಕರೆ ಪುಣ್ಯ. ಅಲ್ಲಿಂದಾಚೆ ಬಣ್ಣ ಹಚ್ಚಬೇಡ, ಖಾಲಿ ಬಿಡು. ಒಡ್ಡು ಗಟ್ಟಿ ಎಂದು ಒಂದು ಸಾಲು ಬರೆದುಕೊಡಿ ಎಂದು ಒತ್ತಾಯ ಬರುತ್ತದೆ. ನನಗೂ ಬಂದಿತ್ತು, ನೀರಿದೆ ಎಂದು ಬರೆದುಕೊಡಿ ಅಂತ. ಎಲ್ಲಿ ಎರಡು ವಿಧಾನ ಹೊಂದುತ್ತವೆ, ಎಲ್ಲಿ ಜಗಳವಾಡುತ್ತವೆ ಎಂದು ಬರೆದು ಸಹಿ ಹಾಕು.

ಉಳಿದದ್ದು ಚಿಲ್ಲರೆ. ಉದ್ದ ಕೇಬಲ್ ಹಾಸಿ ಏರಿಯ ಮೇಲೆ ನಿಂತಿರುವಾಗ ಗುಡುಗು ಕೇಳಿದರೆ ಯಂತ್ರ ಬಿಟ್ಟು ಇಳಿ. ಬ್ಯಾಟರಿ ಚಳಿಗೆ ಬೇಗ ಸೋಲುತ್ತದೆ, ರಾತ್ರಿ ಮಲಗುವ ಚೀಲದೊಳಗೆ ಇಟ್ಟುಕೋ. ಎಲೆಕ್ಟ್ರೋಡ್ ಇಟ್ಟ ಕಡೆಯೆಲ್ಲ ಬಂಡೆಗೆ ಪೇಂಟ್ ಗುರುತು ಹಾಕು. ಇನ್ನೊಂದು ವರ್ಷ ಅದೇ ಜಾಗದಲ್ಲಿ ಅಳೆದರೆ ಮಾತ್ರ ಐಸ್ ಕರಗಿತೋ ಇಲ್ಲವೋ ಹೇಳಲು ಬರುವುದು. ಮೇಲೆ ಹತ್ತುವಾಗ ತಲೆನೋವು ಬಂದರೆ ಮುಚ್ಚಿಡದೆ ಹೇಳು, ಒಂದು ದಿನ ಕೆಳಗೆ ನಿಂತರೆ ಯಾರೂ ನಗುವುದಿಲ್ಲ.

ಮುರುಗಲು ಸಿಪ್ಪೆ, ಅಪ್ಪೆಮಿಡಿ ಉಪ್ಪಿನಕಾಯಿ ಪಾರ್ಸೆಲ್ ಮಾಡಿದ್ದೇನೆ. ತಂಡದವರಿಗೂ ಕೊಡು. ರೀಡಿಂಗ್ ಬಂದ ಮೇಲೆ ಬಣ್ಣದ ಚಿತ್ರ ಬೇಡ, ಕಚ್ಚಾ ಫೈಲ್ ಕಳಿಸು. ನಾನೂ ಇಲ್ಲಿ ಕೂತು ಕೈಯಲ್ಲಿ ಲೆಕ್ಕ ಹಾಕಿ ನೋಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ