ಗುಡ್ಡೆ ಅಗೆಯುವ ಮುಂಚೆ ಫೋಟೊ ತೆಗೆಸಿ: ಕೋಲಾರ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಕೆಜಿಎಫ್ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಚಿನ್ನ ಹೋಯಿತು, ಅದಿರಿನಿಂದ ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುರಿದ ಸೈನೈಡ್ ಗುಡ್ಡೆಗಳು ನಮ್ಮ ಪಾಲಿಗೆ ಉಳಿದವು. ಅವುಗಳಲ್ಲಿ 13ನ್ನು ಮತ್ತೆ ಅಗೆಯಲು ರಾಜ್ಯ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಮೊದಲ ಲಾರಿ ಮಣ್ಣು ಎತ್ತುವ ಮುಂಚೆ ಆ 13 ಗುಡ್ಡೆಗಳ ಫೋಟೊ ದಾಖಲೆ ಮಾಡಿಸಿ. ಇಲ್ಲವೇ ನಮಗೆ ಅನುಮತಿ ಕೊಡಿ, ನಾವೇ ಮಾಡುತ್ತೇವೆ.

ಅನುಮತಿ ಕೇಳಿದರೆ ಒಂದು ಕಚೇರಿಯಲ್ಲಿ ಜಾಗ ಕೇಂದ್ರದ್ದು, ಇನ್ನೊಂದರಲ್ಲಿ ರಾಜ್ಯದ್ದು.  ಪ್ರಿ-ವೆಡ್ಡಿಂಗ್ ಶೂಟ್‌ಗೆ ಬರುವ ಜೋಡಿಗಳಿಗೆ ಮಾತ್ರ ಈ ತಾಪತ್ರಯವಿಲ್ಲ. ರೇಷ್ಮೆ ಸೀರೆಯಲ್ಲಿ ಗುಡ್ಡೆ ಹತ್ತಿ, ಹಿಡಿ ತುಂಬ ಪುಡಿ ಗಾಳಿಗೆ ತೂರಿ ನಗುತ್ತಾರೆ. ಆ ಪುಡಿಯಲ್ಲಿರುವುದು ಸಿಲಿಕಾ, ಗಣಿ ಕಾರ್ಮಿಕರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ತಂದ ಅದೇ ಸಿಲಿಕಾ. ಅಕ್ಷತೆಗೆ ಬದಲು ಅದನ್ನು ತೂರಲು ಅಡ್ಡಿಯಿಲ್ಲ, ಟ್ರೈಪಾಡ್ ಇಡಲು ಪತ್ರ ಬೇಕು!

ಚಂದದ ಫೋಟೊ ನಮಗೆ ಬೇಡ. ಪ್ರತಿ ಗುಡ್ಡೆಗೆ ನಾಲ್ಕು ದಿಕ್ಕಿನಲ್ಲಿ ಕಲ್ಲು ನೆಟ್ಟು ಜಿಪಿಎಸ್ ಗುರುತು ಹಾಕಬೇಕು. ಕ್ಯಾಮೆರಾ ಎತ್ತರ 1.5 ಮೀಟರ್, ಲೆನ್ಸ್ 50 ಎಂಎಂ, ಯಾವತ್ತೂ ಬದಲಾಗಬಾರದು. ಚೌಕಟ್ಟಿನೊಳಗೆ 2 ಮೀಟರ್ ಅಳತೆಕೋಲು ಇರಲಿ, ಇಲ್ಲದಿದ್ದರೆ ಕೊರಕಲು ಎಷ್ಟು ಆಳವಾಯಿತು ಎಂದು ಹೇಳಲಾಗದು. ಬೆಳಗ್ಗೆ ಓರೆ ಬಿಸಿಲಲ್ಲಿ ತೆಗೆದರೆ ಕೊರಕಲ ನೆರಳು ಬೀಳುತ್ತದೆ, ನಡುಮಧ್ಯಾಹ್ನ ಎಲ್ಲವೂ ಚಪ್ಪಟೆ. ಗುಡ್ಡೆ ಬಿಳಿಚು ಬಣ್ಣದ್ದಾದ್ದರಿಂದ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮೋಸಹೋಗಿ ಚಿತ್ರ ಕಂದುತ್ತದೆ, ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಬೆಳಕು ಕೊಡಬೇಕು. ಕ್ಯಾಮೆರಾ ತಾನೇ ಬಣ್ಣ ತಿದ್ದುವ ಆಟೊ ವೈಟ್ ಬ್ಯಾಲೆನ್ಸ್ ಬೇಡವೇ ಬೇಡ. ಸಲ್ಫೈಡ್ ಖನಿಜ ಗಾಳಿ, ನೀರು ತಾಗಿ ಬಿಡುವ ತುಕ್ಕು ಕಲೆಯನ್ನು ಅದು ಮಸುಕಾಗಿಸುತ್ತದೆ. ನಮಗೆ ಬೇಕಾದ ಸಾಕ್ಷಿಯೇ ಆ ಕಲೆ. ವೈಟ್ ಬ್ಯಾಲೆನ್ಸನ್ನು ಡೇಲೈಟ್‌ಗೆ ಕಟ್ಟಿ, ಕ್ಯಾಮೆರಾ ತಿದ್ದದ ಮೂಲ ರಾ ಫೈಲ್ ಉಳಿಸಿ. ಪುಡಿ ಒಳಸೇರದಂತೆ ಅಲ್ಲಿ ಲೆನ್ಸ್ ಬದಲಿಸಬಾರದು. ಬಟ್ಟೆಯಿಂದ ಒರೆಸುವ ಮುಂಚೆ ಗಾಳಿ ಊದುವ ಬ್ಲೋವರ್ ಹಾಕಬೇಕು, ಆ ಪುಡಿ ಗಾಜು ಗೀರುತ್ತದೆ. ಮೂಗಿಗೆ ಎನ್95 ಮಾಸ್ಕ್ ಇರಲೇಬೇಕು.

ಮಳೆಗೆ ಮುಂಚೆ ಒಂದು ಸಲ, ಮಳೆ ಮುಗಿದ ಮೇಲೆ ಒಂದು ಸಲ. ಗುಡ್ಡೆಯಿಂದ ಹರಿದ ನೀರು ಸೇರುವ ಕಾಲುವೆ, ಕೆರೆಗಳೂ ಸೇರಬೇಕು.

ಸೈನೈಡ್ ಬಿಸಿಲಿಗೆ ಬಹುಪಾಲು ಒಡೆದುಹೋಗಿದೆ ಎಂದು ಸಮಾಧಾನ ಹೇಳುವವರಿದ್ದಾರೆ. ಭಾರಲೋಹ ಬಿಸಿಲಿಗೆ ಒಡೆಯುವುದಿಲ್ಲ, ಸ್ವಾಮಿ. ಅದನ್ನು ಫೋಟೊ ಹೇಳದು, ಪ್ರಯೋಗಾಲಯ ಹೇಳಬೇಕು. ಮಾದರಿ ಎಲ್ಲಿಂದ ತೆಗೆಯಬೇಕೆಂದು ಫೋಟೊ ತೋರಿಸುತ್ತದೆ.

ಅಗೆದಾದ ಮೇಲೆ ‘ಮೊದಲೂ ಹೀಗೇ ಇತ್ತು’ ಎಂಬ ಉತ್ತರ ಬರುತ್ತದೆ. ಆದ್ದರಿಂದ ಮತ್ತೆ ಕೇಳುತ್ತಿದ್ದೇವೆ: ಮೊದಲ ಲಾರಿಗೆ ಮುಂಚೆ, 13 ಗುಡ್ಡೆಗಳೂ, ಎಲ್ಲ ಫೈಲ್‌ಗಳೂ ಸಾರ್ವಜನಿಕರಿಗೆ ಸಿಗುವಂತೆ. ಅನುಮತಿಯೋ ನಿರಾಕರಣೆಯೋ, ಬರವಣಿಗೆಯಲ್ಲಿ ಕೊಡಿ.

ಇತಿ,
ಕೆಜಿಎಫ್‌ನ ಕೆಲವು ಛಾಯಾಗ್ರಾಹಕರು