ಕುಕ್ಕೆಗೆ ಒಂದು ಕಿಲೋ: ಗೆಳೆಯನಿಗೊಂದು ಪತ್ರ

ಪ್ರೀತಿಯ ಮುಕ್ಕಾಲು,

ಇದನ್ನು ಎಲ್ಲರೂ ಓದುವ ಜಾಗದಲ್ಲಿ ಹಾಕುತ್ತಿದ್ದೇನೆ, ಬೈಬೇಡ. ನಿನಗೊಬ್ಬನಿಗೇ ಕಳಿಸಿದರೆ ಎರಡು ನೀಲಿ ಗೆರೆ ಕಾಣಿಸಿ ನೀನು ಸುಮ್ನಾಗ್ತೀಯ. ಹತ್ತು ಜನ ನೋಡುತ್ತಿದ್ದರೆ ಮರ್ಯಾದೆಗಾದರೂ ಉತ್ತರ ಬರೆಯುತ್ತೀಯ. (ಉಳಿದವರು ಗಮನಿಸಿ: ಇವನು ಮುಕ್ಕಾಲು, ನಾನು ಕಾಲು. ಯಾಕೆ ಅಂತ ಕೇಳಬೇಡಿ. ಅದು ನಮ್ಮಿಬ್ಬರಿಗೆ ಮತ್ತು ಗೋಣಿಕೊಪ್ಪದ ಗಣಿತದ ಮೇಷ್ಟ್ರಿಗೆ ಮಾತ್ರ ಗೊತ್ತು.)

ವಿಷಯ ಏನೆಂದರೆ, ಕೊಡಗಿಗೆ ಹೋಗಿ ಬಂದೆ. ಊರಿಗೆ ಹೋದದ್ದಲ್ಲ ಮಾರಾಯ, ಪ್ರವಾಸಕ್ಕೆ. ಮೂರು ದಿನಕ್ಕೆ 14,000 ರೂಪಾಯಿ ಕೊಟ್ಟು, ಗೈಡ್ ಹಿಂದೆ ಸಾಲಾಗಿ ನಡೆದು, 'ಕಾಫಿ ಗಿಡ ಹೀಗಿರುತ್ತೆ ನೋಡಿ ಸರ್' ಅಂತ ಹೇಳಿಸಿಕೊಂಡು ಬಂದೆ. ನಗು. ನಕ್ಕು ಮುಗಿದ ಮೇಲೆ ಮುಂದೆ ಓದು.

ಆಫೀಸಿನವರು ಹೊರಟಿದ್ದರು, ನಾನೂ ಹೂಂ ಅಂದೆ. 'ಶರತ್ಕಾಲದ ನಡಿಗೆ, ಸ್ಥಳೀಯ ಕರಕುಶಲ ಕಲೆಗಳೊಂದಿಗೆ' ಅಂತ ಅದರ ಹೆಸರು. ನಮ್ಮೂರಲ್ಲಿ ಶರತ್ಕಾಲ ಅಂತ ಯಾರಾದರೂ ಬಾಯಿಬಿಟ್ಟು ಹೇಳಿದ್ದು ಕೇಳಿದ್ದೀಯಾ? 'ಮಳೆ ಬಿಡ್ತು' ಅನ್ನುತ್ತಿದ್ದರು, ಅಷ್ಟೇ. ಕಕ್ಕಡದ ಜಡಿಮಳೆ ತಿಂಗಳಲ್ಲಿ ಒಗೆದ ಬಟ್ಟೆ ತುಲಾ ಸಂಕ್ರಮಣದ ಹೊತ್ತಿಗೆ ಒಣಗುತ್ತಿತ್ತು. ನಾವು ಹೋದದ್ದು ಸಂಕ್ರಮಣ ಕಳೆದ ಮುಂದಿನ ವಾರ. ತಲಕಾವೇರಿಯ ಜನಜಾತ್ರೆ ಕರಗಿತ್ತು. ಗದ್ದೆಯಲ್ಲಿ ಭತ್ತ ತೆನೆ ಬಿಟ್ಟು ನಿಂತಿತ್ತು, ಪುತ್ತರಿಯ ಸುಗ್ಗಿ ಹಬ್ಬಕ್ಕೆ ಇನ್ನೂ ದಿನ ಇತ್ತು. ಬೆಟ್ಟದ ಹುಲ್ಲು ಬುಡದಲ್ಲಿ ಹಸಿರು, ತುದಿಯಲ್ಲಿ ಹಳದಿ. ಸುಳ್ಳು ಹೇಳಲ್ಲ, ಚೆನ್ನಾಗಿತ್ತು. ಇಪ್ಪತ್ತು ವರ್ಷ ಅಲ್ಲೇ ಇದ್ದವನಿಗೆ ಅದು ಚೆನ್ನಾಗಿದೆ ಅಂತ ಗೊತ್ತಾಗಲು ಟಿಕೆಟ್ ತಗೋಬೇಕಾಯಿತು.

ಮೊದಲ ದಿನ ಕಕ್ಕಬ್ಬೆ. ನಾಲ್ಕುನಾಡು ಅರಮನೆಯ ಅಂಗಳದಲ್ಲಿ ಎಲ್ಲರನ್ನೂ ಗುಂಡಗೆ ನಿಲ್ಲಿಸಿ ಪರಿಚಯ ಮಾಡಿಸಿದರು. ಒಬ್ಬರು ಪುಣೆ, ಇಬ್ಬರು ಹೈದರಾಬಾದ್, ಉಳಿದವರು ಬೆಂಗಳೂರು. ಎಲ್ಲರೂ 'ಕೂರ್ಗ್‌ಗೆ ಇದೇ ಫಸ್ಟ್ ಟೈಮ್' ಅಂದರು. ನನ್ನ ಸರದಿ ಬಂತು. 'ಬೆಂಗಳೂರು' ಅಂದೆ.

ಯಾಕೆ ಹಾಗಂದೆನೋ. ಸುಮ್ನೆ ಬಂತು ಬಾಯಿಗೆ. ಊರಿನವನು ಅಂದರೆ ನೂರು ಪ್ರಶ್ನೆ ಬರುತ್ತೆ, ಯಾವ ಮನೆತನ, ಎಷ್ಟು ಎಕರೆ ತೋಟ ಅಂತ. ತೋಟ ಇರಲಿಲ್ಲ, ತೋಟದ ಲೆಕ್ಕ ಬರೆಯುತ್ತಿದ್ದವರ ಮಗ ಅಂತ ವಿವರಿಸುವಷ್ಟರಲ್ಲಿ ಕಾಫಿ ಆರುತ್ತೆ. ಅದೇ ಹೊತ್ತಿಗೆ ಗೈಡ್ ಹುಡುಗ ಅರಮನೆಯ ಕತೆ ಶುರು ಮಾಡಿದ. ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಲು ಶುರು ಮಾಡಿದ್ದು, 1834ರಲ್ಲಿ ಬ್ರಿಟಿಷರು ನುಗ್ಗಿದಾಗ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಇಲ್ಲಿಗೇ ಬಂದು ಅಡಗಿದ್ದು. ಅಡಗುವುದಕ್ಕೆ ಒಳ್ಳೆ ಜಾಗ ಅಂತ ನನಗೂ ಅನ್ನಿಸಿತು.

ಅಲ್ಲಿಂದ ತಡಿಯಂಡಮೋಳ್. ಕೊಡಗಿನ ಅತಿ ಎತ್ತರದ ಬೆಟ್ಟ, 1,748 ಮೀಟರ್. ಶಾಲೆಯಲ್ಲಿದ್ದಾಗ ನೀನು ಇದನ್ನು ಚಪ್ಪಲಿಯಲ್ಲಿ ಹತ್ತಿ ಇಳಿದದ್ದು ನೆನಪಿದೆಯಾ? ನನಗೆ ಈಗ ಎರಡು ಸಾವಿರದ ಶೂ, ಎರಡು ಕೋಲು, ಮೊಣಕಾಲಿಗೆ ಪಟ್ಟಿ. ಮೊದಲು ತೋಟ, ಆಮೇಲೆ ಶೋಲಾ ಕಾಡು, ಆಮೇಲೆ ಬರೀ ಹುಲ್ಲು. ಶೋಲಾದ ಒಳಗೆ ಹೊಕ್ಕರೆ ಗಾಳಿಯೇ ಬೇರೆ, ಫ್ರಿಜ್ ಬಾಗಿಲು ತೆಗೆದ ಹಾಗೆ. ಬೆಟ್ಟದ ಮಡಿಕೆಯಲ್ಲಿ ನೀರು ಹಿಡಿದಿಟ್ಟುಕೊಳ್ಳುವುದು ಇದೇ ಕಾಡು, ಮಳೆ ನಿಂತ ಮೇಲೂ ತೊರೆ ಹರಿಯುವುದು ಇದರಿಂದ ಅಂತ ಹುಡುಗ ಚೆನ್ನಾಗಿ ವಿವರಿಸಿದ. ಇಂಬಳಗಳು ನನ್ನನ್ನು ಗುರುತು ಹಿಡಿದವು. ಪುಣೆಯವರನ್ನು ಬಿಟ್ಟು ನೇರ ನನ್ನ ಕಾಲಿಗೇ ಬಂದವು. ಊರಿನ ರಕ್ತ ಅಂತ ಅವಕ್ಕೆ ಗೊತ್ತು, ಸುಳ್ಳು ನಡೆಯಲ್ಲ.

ಎರಡನೇ ದಿನ ಚೇಲಾವರ ಜಲಪಾತ, ಜೇನು, ಊಟ. ಊಟದ ಬಗ್ಗೆ ಬರೆದರೆ ನೀನು ಅಳುತ್ತೀಯ. ಅಕ್ಕಿಯ ಕಡಂಬುಟ್ಟು, ಕಾಚಂಪುಳಿಯ ಕಪ್ಪು ಹುಳಿ ಹಾಕಿದ ಪಂದಿಕರಿ, ಸಸ್ಯಾಹಾರಿಗಳಿಗೆ ಅಣಬೆ. ಹೈದರಾಬಾದಿನವರು ಕಾಚಂಪುಳಿ ಬಾಟಲಿಯನ್ನು ಸೋಯಾ ಸಾಸ್ ಅಂದುಕೊಂಡು ಅನ್ನಕ್ಕೆ ಸುರಿದುಕೊಂಡರು. ನಾನು ಹೇಳಬಹುದಿತ್ತು. ಬೆಂಗಳೂರಿನವನಿಗೆ ಅದೆಲ್ಲ ಹೇಗೆ ಗೊತ್ತಿರಬೇಕು, ಅಲ್ವಾ? ಅವರ ಮುಖ ನೋಡುತ್ತಾ ಕೂತೆ.

ಮೂರನೇ ದಿನ ಗಾಡಿ ತಿತಿಮತಿ ಕಡೆ ತಿರುಗಿತು. ಹೊಟ್ಟೆಯಲ್ಲಿ ಏನೋ ಆಯಿತು. ಕಾಡಿನಂಚಿನ ಒಂದು ಹೋಂಸ್ಟೇ, ಅಂಗಳದಲ್ಲಿ ಚಾಪೆ, ಬಿದಿರಿನ ರಾಶಿ. ಕುಕ್ಕೆ ಹೆಣೆಯುವುದನ್ನು ಕಲಿಸಲು ಬೆಟ್ಟ ಕುರುಬರ ಒಬ್ಬ ಅಜ್ಜಿ ಬಂದಿದ್ದರು, ಜೊತೆಗೆ ಅವರ ಸೊಸೆ. ಅಜ್ಜಿಗೆ ಅರವತ್ತೈದು ಇರಬಹುದು. ಕತ್ತಿಯಲ್ಲಿ ಗಳವನ್ನು ಸೀಳುವಾಗ ಗೆಣ್ಣು ಬಂದಲ್ಲಿ ಒಂದು ಕ್ಷಣ ನಿಲ್ಲಿಸಿ, ಮಣಿಕಟ್ಟು ಸ್ವಲ್ಪ ತಿರುವುತ್ತಿದ್ದರು, ಟಕ್ ಅಂತ ಬಿಡುತ್ತಿತ್ತು. ಹೊರಗಿನ ಸಿಪ್ಪೆಯ ಸೀಳು ಗಟ್ಟಿ, ಒಳಗಿನದು ಬೇಗ ಮುರಿಯುತ್ತೆ. ಎಳೆ ಬಿದಿರಾದರೆ ಒಣಗಿದ ಮೇಲೆ ಸುಕ್ಕಾಗುತ್ತೆ. ಹೂ ಬಿಟ್ಟಿತೋ, ಇಡೀ ಮೆಳೆಯೇ ಒಣಗಿ ಸಾಯುತ್ತೆ, ಆಮೇಲೆ ಬೀಜದಿಂದ ಹೊಸದಾಗಿ ಎದ್ದು ಬರಲು ವರ್ಷಗಟ್ಟಲೆ ಕಾಯಬೇಕು. ಅಷ್ಟರಲ್ಲಿ ತೋಟಗಳಿಗೆ ಪ್ಲಾಸ್ಟಿಕ್ ಚೀಲ ಬಂದುಬಿಟ್ಟಿತು. 'ಈಗ ಯಾರು ಕುಕ್ಕೆ ತಗೋತಾರೆ ಸಾರ್, ನಿಮ್ಮಂಥವರೇ' ಅಂದರು.

ನಾನು ಹೆಣೆಯಲು ಕೂತೆ. ನಿಲುವು ಸೀಳುಗಳನ್ನು ನಕ್ಷತ್ರದ ಹಾಗೆ ಜೋಡಿಸಿ, ಒಂದರ ಮೇಲೆ ಒಂದರ ಕೆಳಗೆ ಸುತ್ತುತ್ತಾ ಬರಬೇಕು. ಎರಡನೇ ಸುತ್ತಿಗೇ ಎಡವಟ್ಟಾಯಿತು. ಮೊದಲ ಸುತ್ತಿನಲ್ಲಿ ಎಲ್ಲಿ ಮೇಲೆ ಬಂದಿತ್ತೋ ಎರಡನೆಯದರಲ್ಲೂ ಅಲ್ಲೇ ಮೇಲೆ. ಹಿಡಿತವೇ ಇಲ್ಲ. ಅಜ್ಜಿ ಬಂದು ನೋಡಿ ನಕ್ಕರು. 'ಎಣಿಸಿ ಸಾರ್.' ಎಣಿಸಿದೆ. ಹದಿನಾರು. 'ಜೋಡಿ ಆಗಬಾರದು. ಒಂದು ಜಾಸ್ತಿ ಬೇಕು. ಆಗ ಸುತ್ತು ಸುತ್ತಿಗೂ ಮೇಲಿದ್ದದ್ದು ಕೆಳಗೆ ಹೋಗುತ್ತೆ.' ಒಂದು ಸೀಳು ಸಿಕ್ಕಿಸಿ ಹದಿನೇಳು ಮಾಡಿಕೊಟ್ಟರು. ಆಮೇಲೆ ನನ್ನ ಕೈಯನ್ನೇ ನೋಡುತ್ತಾ ನಿಂತರು. ನಾನು ಎಡಚ ಅಂತ ನಿನಗೆ ಗೊತ್ತಲ್ಲ. 'ನಿಮ್ಮದು ಇಲ್ಲೇ ಊರಾ?'

'ಇಲ್ಲಮ್ಮ, ಬೆಂಗಳೂರು.'

ಇಷ್ಟಕ್ಕೇ ನಿಲ್ಲಿಸೋಣ ಅಂತಿದ್ದೆ. ಕುಕ್ಕೆಯ ಫೋಟೊ ಹಾಕಿ, ನಾಲ್ಕು ಜೋಕ್ ಮಾಡಿ ಮುಗಿಸೋಣ ಅಂತ. ಆದರೆ ಪುಣೆಯ ಮಹಾಶಯನ ಬ್ಯಾಗಿನಲ್ಲಿ ಒಂದು ತಕ್ಕಡಿ ಇತ್ತು. ವಿಮಾನಕ್ಕೆ ಮುಂಚೆ ಲಗೇಜ್ ತೂಗುತ್ತಾರಲ್ಲ, ಕೊಕ್ಕೆ ಇರುವ ಪುಟ್ಟದು. ತಮಾಷೆಗೆ ಎಲ್ಲರ ಕುಕ್ಕೆಯನ್ನೂ ತೂಗಿದ. ಕೊನೆಗೆ ಅಜ್ಜಿ ಹೆಣೆದದ್ದನ್ನು ತೂಗಿದ. 600 ಗ್ರಾಂ.

ನಾನು ಅಜ್ಜಿಯನ್ನು ಕೇಳಿದೆ, ಹಿಂದೆ ಕಾಫಿ ಕೊಯ್ಯಲು ಹೆಣೆಯುತ್ತಿದ್ದದ್ದು ಇದಕ್ಕಿಂತ ದೊಡ್ಡದಿತ್ತಲ್ವಾ ಅಂತ. ದೊಡ್ಡದಿತ್ತು ಅನ್ನಲಿ ಅಂತ ಎಷ್ಟು ಆಸೆ ಇತ್ತು ಗೊತ್ತಾ. 'ಅದೇ ಅಳತೆ ಸಾರ್. ಈ ಕೈಗೆ ಬೇರೆ ಅಳತೆ ಗೊತ್ತಿಲ್ಲ.'

ಕೊಯ್ಲಿನ ದಿನಗಳ ಸಂಜೆ ನೆನಪು ಮಾಡಿಕೋ. ನೀನು ಕಣದ ಗೋಡೆ ಮೇಲೆ ಕೂತು ಕಿತ್ತಳೆ ತಿನ್ನುತ್ತಾ ನನಗಾಗಿ ಕಾಯುತ್ತಿದ್ದೆ. ಅಪ್ಪ ತಕ್ಕಡಿಗೆ ಕುಕ್ಕೆ ನೇತುಹಾಕಿ ತೂಕ ಕೂಗುತ್ತಿದ್ದರು. ಏಳನೇ ಕ್ಲಾಸಿನಿಂದ ಪುಸ್ತಕ ಬರೆಯುತ್ತಿದ್ದದ್ದು ನಾನು, ಎಡಗೈಯಲ್ಲಿ. 'ಚಿಕ್ಕ ರೈಟ್ರು' ಅನ್ನುತ್ತಿದ್ದರು ನನ್ನನ್ನು. ಕೇಳಿದರೆ ಎದೆ ಉಬ್ಬುತ್ತಿತ್ತು. ಅಪ್ಪ ಹದಿನೆಂಟು ಅಂದರೆ ನಾನು ಹದಿನೇಳು ಬರೆಯಬೇಕು. ಕುಕ್ಕೆಗೆ ಒಂದು ಕಿಲೋ ಕಡಿತ. ಅದು ತೋಟದ ನಿಯಮ, ಅಪ್ಪನದಲ್ಲ. ಅಪ್ಪನಿಗೆ ಅದನ್ನು ಪ್ರಶ್ನಿಸುವ ಧೈರ್ಯ ಇರಲಿಲ್ಲ, ಅಷ್ಟೇ.

ರಾತ್ರಿ ನಿದ್ದೆ ಬರದೆ ಲೆಕ್ಕ ಹಾಕಿದೆ. ಕುಕ್ಕೆಗೆ 400 ಗ್ರಾಂ ಹೆಚ್ಚಿಗೆ ಕತ್ತರಿಸಿದ್ದು. ಒಬ್ಬೊಬ್ಬರದು ದಿನಕ್ಕೆ ನಾಲ್ಕು ಕುಕ್ಕೆ ಅಂದುಕೋ. ನಲವತ್ತು ಜನ. ಐವತ್ತು ದಿನದ ಕೊಯ್ಲು. 3,200 ಕಿಲೋ. ಒಂದು ವರ್ಷಕ್ಕೆ. ನಾನು ನಾಲ್ಕು ವರ್ಷ ಬರೆದೆ.

ಹಳೆ ಕುಕ್ಕೆಗೆ ಮಣ್ಣು ಮೆತ್ತಿ ಸ್ವಲ್ಪ ಭಾರ ಇದ್ದಿರಬಹುದು, ನಾನಿನ್ನೂ ಹುಡುಗ, ಹೀಗೆಲ್ಲ ನನ್ನ ಪರ ನಾನೇ ವಾದ ಮಾಡಿಕೊಂಡೆ. ಆದರೆ ಮುಕ್ಕಾಲು, ನನಗೆ ಆಗಲೇ ಗೊತ್ತಿತ್ತು ಕಣೋ. ಖಾಲಿ ಕುಕ್ಕೆಯನ್ನು ತಲೆಗೆ ಟೋಪಿ ಮಾಡಿಕೊಂಡು ಓಡುತ್ತಿದ್ದವರು ನಾವು. ಅದು ಒಂದು ಕಿಲೋ ಇಲ್ಲ ಅಂತ ನನ್ನ ತಲೆಗೆ ಗೊತ್ತಿತ್ತು. ಒಮ್ಮೆ ಅಪ್ಪನನ್ನು ಕೇಳಿಯೂ ಕೇಳಿದ್ದೆ. ಅವರು ಪೆನ್ನು ಕಿತ್ತುಕೊಂಡು, ಸ್ವಲ್ಪ ಹೊತ್ತು ಬಿಟ್ಟು ವಾಪಸ್ ಕೊಟ್ಟರು. ಏನೂ ಮಾತಾಡಲಿಲ್ಲ. ನಾನು ಬರೆಯುವುದನ್ನು ಮುಂದುವರಿಸಿದೆ. ಆ ವರ್ಷ ಅಪ್ಪನಿಗೆ ಸಾಹುಕಾರರು ಬೋನಸ್ ಕೊಟ್ಟರು. ಆ ಕೆಂಪು ಸೈಕಲ್ ಎಲ್ಲಿಂದ ಬಂತು ಅಂತ ನೀನು ಯಾವತ್ತೂ ಕೇಳಲಿಲ್ಲ.

ಹೋಗ್ಲಿ ಬಿಡು. ಆ ಸೈಕಲ್‌ಗೆ ಬ್ರೇಕೇ ಇರಲಿಲ್ಲ. ನಿನ್ನ ಹಲ್ಲು, ನನ್ನ ಮೊಣಕಾಲು, ಇಬ್ಬರಿಗೂ ಶಿಕ್ಷೆ ಆಗಿದೆ ಅಂದುಕೊಳ್ಳೋಣ.

ಹೊರಡುವಾಗ ಅಜ್ಜಿಯ ಕುಕ್ಕೆಯನ್ನೇ ಕೊಂಡೆ, 500 ರೂಪಾಯಿ. ದುಡ್ಡನ್ನು ಸೊಸೆ ಎಣಿಸಿಕೊಂಡಳು. ಅಜ್ಜಿ ಅವಳಿಗೆ ತಮ್ಮ ಮಾತಿನಲ್ಲಿ ಏನೋ ಅಂದರು, ಇಬ್ಬರೂ ನಕ್ಕರು. ನನಗೆ ತಿಳಿದದ್ದು ಎರಡೇ ಪದ. ಚಿಕ್ಕ ರೈಟ್ರು. ಅಥವಾ ನನ್ನ ಕಿವಿಗೇ ಹಾಗೆ ಕೇಳಿಸಿತೋ. ತಿರುಗಿ ನೋಡಲಿಲ್ಲ. ಗಾಡಿ ಹತ್ತಿ, ಕುಕ್ಕೆಯನ್ನು ತೊಡೆ ಮೇಲೆ ಇಟ್ಟುಕೊಂಡು, ಶೂ ಬಿಚ್ಚಿ ಇಂಬಳ ಹುಡುಕುವ ನಾಟಕ ಮಾಡಿದೆ. ಒಂದೂ ಇರಲಿಲ್ಲ.

ನಾನು ಹೆಣೆದದ್ದೂ ಇದೆ. ಕಾಗೆ ಗೂಡಿಗೆ ಸ್ವಲ್ಪ ಅವಮಾನ ಆಗುವಂತಿದೆ. ಅದರಲ್ಲಿ ಈರುಳ್ಳಿ ಹಾಕಿದ್ದೇವೆ, ಸಣ್ಣವು ಕೆಳಗೆ ಬೀಳುತ್ತವೆ. ಅಜ್ಜಿಯದು ಶೆಲ್ಫಿನ ಮೇಲೆ ಖಾಲಿ ಕೂತಿದೆ. ಏನು ಹಾಕಬೇಕೋ ಇನ್ನೂ ತಿಳಿದಿಲ್ಲ.

ಮೊನ್ನೆ ಅಮ್ಮ ಬಂದಿದ್ದರು. ಅದನ್ನು ಕೈಗೆತ್ತಿಕೊಂಡು, ತಿರುಗಿಸಿ, ತಳಕ್ಕೆ ಬೆರಳಿಂದ ತಟ್ಟಿ ನೋಡಿದರು. ಎಷ್ಟು ಕೊಟ್ಟೆ ಅಂದರು. ಐನೂರು ಅಂದೆ.

'ಜಾಸ್ತಿ ಕೊಟ್ಟೆ' ಅಂದರು.

ಉತ್ತರ ಬರೀ. ಎರಡು ನೀಲಿ ಗೆರೆ ನಡೆಯಲ್ಲ.

ನಿನ್ನ,
ಕಾಲು