ಚರ್ಮದ ಚೂರು ಕೊಟ್ಟೋರಿಗೆ

ನಿನ್ನೆ ಥೀಸಿಸ್ ಸಬ್ಮಿಟ್ ಮಾಡ್ದೆ. ಆಮೇಲೆ ಹಾಸನದ ಎನ್.ಆರ್. ಸರ್ಕಲ್ ಹತ್ರ ಟೀ ಕುಡೀತಾ ನಿಂತಿದ್ದಾಗ ಯಾಕೋ ಕಣ್ಣು ತುಂಬ್ಕೊಂಡ್ಬಿಡ್ತು. ಥೀಸಿಸ್ ಒಳಗೆ ಗೈಡು, ಅಪ್ಪ ಅಮ್ಮ ಎಲ್ಲರಿಗೂ ಥ್ಯಾಂಕ್ಸ್ ಹೇಳಿದೀನಿ, ಆದ್ರೆ ಚರ್ಮ ಕೊಟ್ಟ ಪೇಷಂಟ್‌ಗಳ ಹೆಸರು ಹಾಕೋ ಹಾಗಿಲ್ಲ, ಅಲ್ಲಿ ಅವ್ರು ಬರೀ ನಂಬರು. ಅದಕ್ಕೇ ಇಲ್ಲಿ ಬರೀತಿದೀನಿ.

ಸೋರಿಯಾಸಿಸ್, ಎಕ್ಸಿಮಾ ಅನ್ನೋ ಚರ್ಮದ ಕಾಯಿಲೆ ಇರೋರ ಚರ್ಮದಲ್ಲಿ ಬೀಟಾ ಡಿಫೆನ್ಸಿನ್ 2 ಅನ್ನೋ ಪ್ರೋಟೀನ್ ಎಷ್ಟಿದೆ ಅಂತ ನೋಡೋದು ನನ್ನ ಕೆಲ್ಸ. ಚರ್ಮ ತಾನೇ ತಯಾರಿಸ್ಕೊಳ್ಳೋ ಆಂಟಿಬಯಾಟಿಕ್ ಇದ್ದಂಗೆ ಅದು. ಸೋರಿಯಾಸಿಸ್‌ನಲ್ಲಿ ಐಎಲ್-17 ಅನ್ನೋ, ರೋಗನಿರೋಧಕ ಕೋಶಗಳು ಕಳಿಸೋ ಸಂದೇಶದ ಪ್ರೋಟೀನ್ ಒಂದೇ ಸಮನೆ ಸಿಗ್ನಲ್ ಕೊಟ್ಟು ಇದು ಯದ್ವಾತದ್ವಾ ತಯಾರಾಗುತ್ತೆ, ಎಕ್ಸಿಮಾದಲ್ಲಿ ಅದೇ ಥರದ ಐಎಲ್-4, ಐಎಲ್-13 ಸೇರ್ಕೊಂಡು ಅದನ್ನ ಅದುಮಿಡುತ್ವೆ. ಅದಕ್ಕೇ ಸೋರಿಯಾಸಿಸ್‌ನೋರ ಚರ್ಮ ಅಷ್ಟು ಬಿರುಕು ಬಿಟ್ರೂ ಕೀವಾಗೋದು ಕಮ್ಮಿ, ಎಕ್ಸಿಮಾ ಮಕ್ಕಳಿಗೆ ಪದೇ ಪದೇ ಕೀವು. 2002ರಲ್ಲೇ ಅಮೆರಿಕದಲ್ಲಿ ತೋರಿಸಿರೋ ವಿಷ್ಯ ಇದು, ಹೊಸದೇನಲ್ಲ, ಆದ್ರೂ ಅರಕಲಗೂಡು, ಬೇಲೂರು ಕಡೆ ಜನರ ಸ್ಲೈಡ್‌ನಲ್ಲಿ ಆ ಪ್ರೋಟೀನ್ ಇದ್ದಲ್ಲಿ ಕಾಣೋ ಕಂದು ಬಣ್ಣ ಚರ್ಮದ ಮೇಲ್ಪದರದುದ್ದಕ್ಕೂ ಹರಡಿರೋದು ಮೊದಲ್ನೇ ಸಲ ಕಂಡಾಗ ಕುರ್ಚಿಯಿಂದ ಎದ್ದು ನಿಂತ್ಬಿಟ್ಟಿದ್ದೆ.

ಅದಕ್ಕೂ ಮುಂಚೆ ಒಂದು ಬ್ಯಾಚ್ ಪೂರ್ತಿ ಹಾಳು ಮಾಡಿದ್ದೆ. ಚರ್ಮ ಕೆಡದಂಗೆ ಹಾಕಿಡೋ ಫಾರ್ಮಾಲಿನ್‌ನಲ್ಲಿ ಬಿಗಿದುಹೋಗಿರೋ ಪ್ರೋಟೀನ್ ಬಿಡಿಸೋಕೆ ಸ್ಲೈಡ್‌ನ ಸಿಟ್ರೇಟ್ ಬಫರ್‌ನಲ್ಲಿ ಹಾಕಿ ಪ್ರೆಶರ್ ಕುಕ್ಕರ್‌ನಲ್ಲಿ ಕುದಿಸ್ಬೇಕು, ಹೌದು ಮನೇಲಿ ಬೇಳೆ ಬೇಯ್ಸೋ ಥರದ್ದೇ ಕುಕ್ಕರ್ರು, ನಾನು ಸಾದಾ ಸ್ಲೈಡ್ ಹಾಕಿದ್ದೆ, ಮುಚ್ಚಳ ತೆಗೆದ್ರೆ ಚರ್ಮದ ಪದರಗಳೆಲ್ಲ ಎದ್ದು ನೀರಲ್ಲಿ ತೇಲ್ತಿವೆ. ಒಬ್ಬೊಬ್ರ ನೋವು ಅದು. ನಮ್ಮ ಲ್ಯಾಬ್ ಟೆಕ್ನಿಷಿಯನ್ ಅಣ್ಣ ಬಯ್ಲಿಲ್ಲ, ಮೇಣದ ಬ್ಲಾಕ್‌ನಲ್ಲಿ ಇನ್ನೂ ಟಿಶ್ಯೂ ಇದೆ ಬಿಡಿ ಅಂದು, ಅಂಟಿನ ಥರ ಹಿಡಿಯೋ ಪಾಲಿ ಲೈಸಿನ್ ಹಚ್ಚಿದ ಸ್ಲೈಡ್ ಮೇಲೆ ಮತ್ತೆ ಎಲ್ಲಾನೂ ಕಟ್ ಮಾಡ್ಕೊಟ್ರು, ಊರಿನ ಕೊನೇ ಬಸ್ಸು ತಪ್ಪಿಸ್ಕೊಂಡು. ಅಣ್ಣಾ, ನಿಮ್ಮ ಋಣ ದೊಡ್ಡದು.

ಸಕಲೇಶಪುರ ಕಡೆ ತೋಟದಲ್ಲಿ ಕೆಲ್ಸ ಮಾಡೋ ಒಬ್ರು ಅಮ್ಮ ಇದ್ರು. ಕಾಫಿ ಹಣ್ಣು ಕುಯ್ಯೋವಾಗ ಗಿಡದ ರೆಂಬೆ ಗೀರಿದ ಕಡೆಯೆಲ್ಲ ಗೆರೆ ಎಳೆದಂಗೆ ಸೋರಿಯಾಸಿಸ್ ಎದ್ದಿತ್ತು, ಗಾಯ ಆದಲ್ಲೇ ಕಾಯಿಲೆ ಎದ್ದೇಳುತ್ತೆ ಇದ್ರಲ್ಲಿ. 4 ಮಿಲಿಮೀಟರ್ ಪಂಚ್, ಅಂದ್ರೆ ಚರ್ಮದ ಪುಟ್ಟ ದುಂಡು ಚೂರು ತೆಗೆಯೋದು, ಒಂದು ಹೊಲಿಗೆ ಅಂತ ವಿವರಿಸ್ದೆ. "ಇದ್ರಿಂದ ನಂಗೆ ವಾಸಿ ಆಯ್ತದಾ ಡಾಕ್ಟ್ರೇ" ಅಂದ್ರು. ಇಲ್ಲಮ್ಮ ಅಂದೆ, ಸುಳ್ಳು ಹೇಳೋಕೆ ಬಾಯಿ ಬರ್ಲಿಲ್ಲ. ಸ್ವಲ್ಪ ಹೊತ್ತು ಸುಮ್ನಿದ್ದು ಸೆರಗು ಸರಿಸಿ ಮೊಣಕೈ ಮುಂದೆ ಚಾಚಿ "ತಗಳಿ, ಮೊಮ್ಮಗಳಿಗೂ ಶುರುವಾಗದೆ" ಅಂದ್ರು.

ಆ ಕಡೆ ತೋಟದೋರು ಯಾರಾದ್ರೂ ಇದನ್ನ ಓದಿದ್ರೆ ಆ ಅಮ್ಮನಿಗೆ ತಲುಪಿಸಿ. ಮೊಮ್ಮಗಳನ್ನ ಕರ್ಕೊಂಡು ಬನ್ನಿ ಅಮ್ಮ, ಗುರುವಾರ ಓಪಿಡಿಯಲ್ಲಿ ನಾನೇ ಇರ್ತೀನಿ.